ಅತ್ತೆ ಜೊತೆ 'ಫಣಿಯಮ್ಮ' ಓದಿ, ಆದ್ರೆ ಒಂದು ಹಾಳೆನೂ ಹಾರಿಸ್ಬೇಡಿ

ಮಾವ ತೀರ್ಕೊಂಡು ವರ್ಷ ಆಯ್ತು, ಸಂಜೆ ಅತ್ತೆ ಜೊತೆ ಕೂತು ಒಂದು ಹಳೇ ಕಾದಂಬರಿ ಓದ್ಬೇಕು, 'ಫಣಿಯಮ್ಮ' ವಿಧವೆ ಕಥೆ ಆಗಿರೋದ್ರಿಂದ ಅವರಿಗೆ ನೋವಾಗತ್ತೇನೋ, ತ್ರಿವೇಣಿಯವರದ್ದು ಯಾವುದಾದ್ರೂ ಹಗುರವಾದದ್ದು ಹೇಳಿ ಅಂತ ಕೇಳಿದೀರಿ. ನಾಲ್ಕು ವರ್ಷದ ಹಿಂದೆ ನಾನೇ ಬರೆದ ಪ್ರಶ್ನೆ ಥರ ಇದೆ ಮಾರಾಯ್ರೆ, ಅದಕ್ಕೇ ಆಫೀಸ್ ಕೆಲಸ ಬಿಟ್ಟು ಟೈಪ್ ಮಾಡ್ತಿದೀನಿ.

ನಮ್ಮದು ಮುಂಬೈ ಹತ್ತಿರದ ಡೊಂಬಿವಲಿ. ಮಾವ ಹೋದ್ಮೇಲೆ ತೀರ್ಥಹಳ್ಳಿ ಮನೆಗೆ ಬೀಗ ಹಾಕಿ ಅತ್ತೇನ ಇಲ್ಲಿಗೆ ಕರ್ಕೊಂಬಂದ್ವಿ. ಒಂದು ಬೆಡ್‌ರೂಮು, ಒಂದು ಹಾಲು, ಗ್ಯಾಲರೀಲಿ ಕೂತ್ರೆ ಎದುರು ಬಿಲ್ಡಿಂಗಲ್ಲಿ ಒಣಹಾಕಿರೋ ಬಟ್ಟೆ ಕಾಣತ್ತೆ ಅಷ್ಟೆ. ಸೊಸೈಟಿ ಹೆಂಗಸರು ಮರಾಠೀಲಿ ಮಾತಾಡಿಸಿದ್ರೆ 'ಹೋ ಹೋ' ಅಂತ ಮೇಲೆ ಬಂದ್ಬಿಡೋರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಓದಕ್ಕೂ ಆಗ್ತಿರ್ಲಿಲ್ಲ. ನಾನು ಘಾಟ್‌ಕೋಪರ್‌ನಿಂದ ಲೋಕಲ್‌ನಲ್ಲಿ ನಿಂತ್ಕೊಂಡೇ ಬಂದು ಏಳೂವರೆಗೆ ಮನೆ ಸೇರೋದು, ಎಂಟರಿಂದ ಎಂಟೂವರೆ ನಾನು ಓದೋದು ಅವರು ಕೇಳೋದು ಅಂತ ಮಾಡ್ಕೊಂಡ್ವಿ. ಪುಸ್ತಕ ಆರಿಸಿದ್ದು ನಾನು. ಎಂ.ಕೆ. ಇಂದಿರಾ ಅವರೂ ತೀರ್ಥಹಳ್ಳಿ ಕಡೆಯವರೇ, 1917ರಲ್ಲಿ ಹುಟ್ಟಿದೋರು, ನಲವತ್ತು ದಾಟಿದ್ಮೇಲೆ ಬರೆಯಕ್ಕೆ ಕೂತು 1963ರಲ್ಲಿ 'ತುಂಗಭದ್ರ' ಕೊಟ್ರು, 1976ರಲ್ಲಿ 'ಫಣಿಯಮ್ಮ'. ತಮ್ಮ ತಾಯಿಯಿಂದ ಕೇಳಿದ ನಿಜವಾದ ಹೆಂಗಸಿನ ಕಥೆ ಅದು. ಊರಿನ ಮಾತು ಕಿವಿಗೆ ಬಿದ್ರೆ ಅತ್ತೆಗೆ ಖುಷಿ ಆಗತ್ತೆ ಅನ್ನೋದು ನನ್ನ ಲೆಕ್ಕ.

ಖುಷಿ ಆಯ್ತು ಕೂಡ. ನಾನು ಬೆಂಗಳೂರಲ್ಲಿ ಬೆಳೆದೋಳು, ಜಗಲಿ ಎಲ್ಲಿ, ನಡುಮನೆ ಎಲ್ಲಿ, ಹಿತ್ತಲು ಎಲ್ಲಿ ಅಂತ ತಲೆಗೇ ಹೋಗ್ತಿರ್ಲಿಲ್ಲ. ಅತ್ತೆ ಸುಲೀತಿದ್ದ ಬಟಾಣಿ ಸಿಪ್ಪೇನೇ ಟೈಲ್ಸ್ ಮೇಲೆ ಜೋಡಿಸಿ ಪೂರ್ತಿ ಮನೆ ಕಟ್ಟಿ ತೋರಿಸಿದ್ರು, ಬಾವಿಗೆ ಒಂದು ಬಟಾಣಿ ಕಾಳು. ಕಥೇಲಿ ಫಣಿಗೆ ಒಂಬತ್ತು ವರ್ಷಕ್ಕೆ ಮದುವೆ, ಹಿಂದೇನೇ ಗಂಡ ಹಾವು ಕಚ್ಚಿ ಸತ್ತ. ಹೆಸರಲ್ಲೇ ಫಣಿ, ಗಂಡನ್ನ ತಗೊಂಡಿದ್ದೂ ಹಾವೇ, ಅಂತ ಅತ್ತೆ ಅಂದಾಗ ನಂಗೆ ಅಲ್ಲೀವರ್ಗೂ ಹೊಳೆದೇ ಇರ್ಲಿಲ್ಲ.

ಆಮೇಲೆ ಆ ಹುಡುಗಿ ಮೈನೆರೆದಾಗ ತಲೆ ಬೋಳಿಸೋ ಭಾಗ. ನಾನು ಅದನ್ನ ಟ್ರೈನಲ್ಲಿ ಮೊದಲೇ ಓದ್ಕೊಂಡಿದ್ದೆ. ಮಾವ ಹೋಗಿ ವರ್ಷ ತುಂಬಿರ್ಲಿಲ್ಲ, ಎದುರಿಗೆ ಕೂತಿರೋರ ಹಣೆ ಖಾಲಿ, ಇದನ್ನ ನಾನು ಬಾಯಿಬಿಟ್ಟು ಓದ್ಲಾ? ಓದ್ಲಿಲ್ಲ. ಎರಡು ಹಾಳೆ ಒಟ್ಟಿಗೆ ತಿರುವಿ, ಮಧ್ಯದಲ್ಲಿ ನನ್ನದೇ ಒಂದು ವಾಕ್ಯ ಸೇರಿಸಿ, 'ಹೀಗೇ ದಿನ ಕಳೀತಾ ಬಂತು' ಅಂತೇನೋ, ಮುಂದಿನ ಭಾಗಕ್ಕೆ ಹೋದೆ. ಎಂ.ಕೆ. ಇಂದಿರಾ ಅವರ ಕಾದಂಬರಿಗೆ ನನ್ನ ವಾಕ್ಯ! ಆ ದಿನ ಅತ್ತೆ ಏನೂ ಅನ್ಲಿಲ್ಲ. ಬಟಾಣಿ ಸುಲಿಯೋದು ಮಾತ್ರ ಒಂದು ಕ್ಷಣ ನಿಂತಿತ್ತು ಅಂತ ಈಗ ಅನ್ಸತ್ತೆ.

ವಾರ ಬಿಟ್ಟು ಕಥೇಲಿ ದಾಕ್ಷಾಯಿಣಿ ಬಂದ್ಲು. ಹದಿಹರೆಯದ ವಿಧವೆ, ನನ್ನ ತಲೆ ಮುಟ್ಟಬೇಡಿ ಅಂತ ಹಠ ಹಿಡೀತಾಳಲ್ಲ, ಊರೆಲ್ಲ ಕೂಗಾಡಿದ್ರೂ ಮಡಿ ಹೆಂಗಸು ಫಣಿಯಮ್ಮ ಅವಳ ಪರ ನಿಂತ್ಕೋತಾಳಲ್ಲ, ಅದು. ನಾನು ಜೋರಾಗಿ, ಸ್ವಲ್ಪ ಭಾಷಣದ ಥರನೇ ಓದ್ತಿದ್ದೆ. ಅತ್ತೆ ಬುಟ್ಟಿ ಪಕ್ಕಕ್ಕಿಟ್ಟು ಕೇಳಿದ್ರು,

"ನಿನ್ನ ಪುಸ್ತಕದಲ್ಲಿ ಫಣಿ ತಲೆ ಯಾವಾಗ ಬೋಳಿಸಿದ್ರು?"

ಬಾಯಿ ಒಣಗಿಹೋಯ್ತು. ಈ ಪುಸ್ತಕ ಹೊಸದಾಗಿ ಬಂದಾಗ್ಲೇ ಲೈಬ್ರರಿಯಿಂದ ತಂದು ಎರಡು ಸಲ ಓದಿದ್ರಂತೆ. ನಾನು ಕೇಳಿರ್ಲಿಲ್ಲ! "ನಮ್ಮಜ್ಜಿಗೆ ಕ್ಷೌರದವನು ಬಂದ ದಿನ ಹಿತ್ತಲಿಗೆ ಬಿಸಿನೀರು ತಗೊಂಡು ಹೋಗ್ತಿದ್ದೋಳು ನಾನು, ಎಂಟು ವರ್ಷ ನಂಗೆ. ನಾನು ಕಣ್ಣಲ್ಲಿ ಕಂಡಿದ್ದನ್ನ ನೀನು ಬಚ್ಚಿಡ್ತೀಯೇನೇ?" ಅಂದು ಎದ್ದು ಹೋಗಿ ಟೀವಿ ಹಾಕ್ಕೊಂಡ್ರು. ಏಳು ತಿಂಗಳು. ಏಳು ತಿಂಗಳು ಎಂಟು ಗಂಟೆಗೆ ನಮ್ಮನೇಲಿ ಬರೀ ಸೀರಿಯಲ್ಲು.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅದೇ ದಾರೀಲಿದೀರಿ. ಹಾಳೆ ಹಾರಿಸಿದ್ದು ಆಮೇಲಿನ ಮಾತು. ಮೊದಲನೇ ತಪ್ಪು, ಅವರು ಏನು ಓದಿದಾರೆ ಅಂತ ಕೇಳದೇ ಇದ್ದಿದ್ದು. ಎರಡನೇದು, ಅವರ ಎದೆ ಎಷ್ಟು ತಡ್ಕೊಳತ್ತೆ ಅಂತ ಅಳತೆ ಮಾಡಕ್ಕೆ ಹೋಗಿದ್ದು. ಫಣಿಯಮ್ಮನ ಊರಿನೋರು ಮಾಡಿದ್ದೂ ಅದೇ ತಾನೇ, ಇವಳಿಗೆ ಇದು ಸಾಕು, ಇದು ಬೇಡ ಅಂತ ಬೇರೆಯೋರು ತೀರ್ಮಾನ ಮಾಡಿದ್ದು? ಮತ್ತೆ ಆ ಎರಡು ಹಾಳೆ ಇಲ್ದೆ ದಾಕ್ಷಾಯಿಣಿ ಹಠಕ್ಕೆ ತೂಕನೇ ಇಲ್ಲ. ತಾನು ಅನುಭವಿಸಿದೋಳು ಇನ್ನೊಬ್ಬಳಿಗೆ ಬೇಡ ಅಂದಿದ್ದು ಅನ್ನೋದೇ ಕಾದಂಬರಿ ಜೀವ, ನಾನು ಅದನ್ನೇ ಕಿತ್ತಿಟ್ಟು ಮಿಕ್ಕಿದ್ದನ್ನ ಅಭಿನಯ ಮಾಡಿ ಓದ್ತಿದ್ದೆ.

ಮಧ್ಯದಲ್ಲಿ ಒಂದ್ಸಲ ರಾಜಿ ಮಾಡಕ್ಕೆ ನೋಡಿದ್ದೆ. ಆಫೀಸಿನ ಮರಾಠಿ ಗೆಳತಿ ಡಬ್ಬಿ ಊಟದ ಹೊತ್ತಲ್ಲಿ ಹೇಳಿದ್ಲು, 1890ರಲ್ಲಿ ಇದೇ ಮುಂಬೈಲಿ ನಾರಾಯಣ ಮೇಘಾಜಿ ಲೋಖಂಡೆ ಅನ್ನೋರು ಕ್ಷೌರಿಕರನ್ನೆಲ್ಲ ಸೇರಿಸಿದ್ರು, ಇನ್ನು ವಿಧವೆಯರ ತಲೆ ಬೋಳಿಸಲ್ಲ ಅಂತ ಅವರೇ ತೀರ್ಮಾನ ಮಾಡಿದ್ರು ಅಂತ. ಓಡಿ ಬಂದು ಅತ್ತೆಗೆ ಹೇಳಿದೆ. "ಕತ್ತಿ ಹಿಡಿಯೋರಿಗೆ ಅಷ್ಟು ಧೈರ್ಯ ಇತ್ತು, ನಿಂಗೆ ಎರಡು ಹಾಳೆ ಓದಕ್ಕೆ ಇರ್ಲಿಲ್ಲ" ಅಂದ್ರು. ಆದ್ರೆ ಅಂದಾಗ ನಕ್ಕಿದ್ರು.

ಹಾಗಾಗಿ ನಿಮ್ಮ ಪ್ರಶ್ನೆನೇ ನಂಗೆ ಒಪ್ಪಿಗೆ ಇಲ್ಲ. ಯಾವ ಪುಸ್ತಕ ನೋವು ಕೊಡಲ್ಲ ಅಂತ ನಮ್ಮನ್ನ ಕೇಳೋದಲ್ಲ, ಪುಸ್ತಕ ನಿಮ್ಮತ್ತೆ ಆರಿಸ್ಲಿ. ಅವರು ಸಾಕು ಅಂದ್ರೆ ನಿಲ್ಲಿಸಿ, ಅದು ಬೇರೆ. ತ್ರಿವೇಣಿ ಹಗುರ ಅಂತ ಯಾರು ಹೇಳಿದ್ರೋ ಗೊತ್ತಿಲ್ಲ. 'ಶರಪಂಜರ'ದ ಕಾವೇರಿ ಹುಚ್ಚು ವಾಸಿಯಾಗಿ ಮನೆಗೆ ಬಂದ್ರೂ ಮನೆಯೋರು ಊರೋರು ಸೇರಿ ಅವಳನ್ನ ವಾಪಸ್ ಅಲ್ಲಿಗೇ ತಳ್ತಾರೆ, ಅದು ಹಗುರನಾ? ಪ್ರೇಮಾ ಕಾರಂತರ 'ಫಣಿಯಮ್ಮ' ಫಿಲಂ ಇದೆ, ರಾಷ್ಟ್ರಪ್ರಶಸ್ತಿ ಬಂದಿದ್ದು, ಅದನ್ನ ಓದಿದ್ಮೇಲೇ ನೋಡಿ. ಮನೇಲಿ ಕನ್ನಡ ಓದಕ್ಕೆ ಬಾರದೋರಿದ್ರೆ ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ ಸಿಗತ್ತೆ, ನಮ್ಮೆಜಮಾನ್ರು ಅದನ್ನೇ ಓದಿದ್ದು. ಮುಂಬೈಲಿ ಹುಟ್ಟಿದೋರು, ಕನ್ನಡ ಅಕ್ಷರ ಕಂಡ್ರೆ ಬಸ್ ಬೋರ್ಡ್ ಥರ ಕೂಡಿಸಿ ಕೂಡಿಸಿ ಓದ್ತಾರೆ.

ಪೊರೆ ಆಪರೇಷನ್ ಆಗಿ ಹೊಸ ಕನ್ನಡಕ ಬಂದ್ಮೇಲೆ ಒಂದಿನ ಅತ್ತೆ ತಾವೇ ಪುಸ್ತಕ ಹಿಡ್ಕೊಂಡು ಅಡುಗೆಮನೆ ಬಾಗಿಲಲ್ಲಿ ಸ್ಟೂಲ್ ಹಾಕ್ಕೊಂಡು ಕೂತ್ರು. ನಾನು ಚಪಾತಿ ಲಟ್ಟಿಸ್ತಿದ್ದೆ. ನಾನು ಹಾರಿಸಿದ್ದ ಜಾಗದಿಂದಲೇ ಶುರು ಮಾಡಿ, ಒಂದು ಕಡೆನೂ ಧ್ವನಿ ಬದಲಾಯಿಸದೆ ಆ ಭಾಗ ಪೂರ್ತಿ ಓದಿದ್ರು. ಮುಗಿಸಿ ಲೈಟ್ ಬಿಲ್ ಗುರುತಿಟ್ಟು, "ನಾಳೆ ಇಲ್ಲಿಂದ ನೀನು" ಅಂದ್ರು.

ಈಗ 'ಶರಪಂಜರ' ನಡೀತಿದೆ. ಓದೋದು ಅವರು, ಅರ್ಧಕ್ಕೇ ನಿದ್ದೆ ಹೋಗೋದು ನಾನು, ಮರುದಿನ ಎಲ್ಲೀವರ್ಗೂ ಕೇಳಿಸ್ಕೊಂಡಿದ್ದೆ ಹೇಳು ಅಂತ ಪರೀಕ್ಷೆ ಬೇರೆ.