ಚೆನ್ನಾಗಿರುವ ರಸ್ತೆಗೇಕೆ ಮತ್ತೆ ಡಾಂಬರು? – ಸಂಪಾದಕರ ಉತ್ತರ

‘ಗುಂಡಿ ಬಿದ್ದ ನಮ್ಮ ರಸ್ತೆಯನ್ನು ಹಾಗೇ ಬಿಟ್ಟು, ಚೆನ್ನಾಗಿಯೇ ಇರುವ ಪಕ್ಕದ ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ಇದು ಜನರ ದುಡ್ಡನ್ನು ಪೋಲು ಮಾಡಿದಂತಲ್ಲವೇ?’ ಎಂದು ಕೇಳಿದ್ದೀರಿ.

ನಿಮ್ಮ ಸಿಟ್ಟು ಸಹಜ. ಆದರೆ ಪಕ್ಕದ ರಸ್ತೆಯ ಕೆಲಸ ಪೋಲೇ ಆಗಿರಬೇಕೆಂದಿಲ್ಲ. ಮಳೆ ನಿಂತ ಮೇಲೆ ರಸ್ತೆಯ ಅಂಚಿನಲ್ಲಿ ನಿಂತು ಒಂದು ಬಿರುಕನ್ನು ಗಮನಿಸಿ. ಅದರ ಎರಡೂ ಬದಿಗೆ ತೆಳುವಾಗಿ ಕೆಸರಿನ ಕಲೆ ಇದೆಯೇ? ಇದ್ದರೆ ನೀರು ಒಳಗಿಳಿದಿದೆ, ಲಾರಿ ಹಾದಾಗಲೆಲ್ಲ ಕೆಳಗಿನ ನುಣ್ಣನೆಯ ಮಣ್ಣು ಆ ನೀರಿನ ಜೊತೆ ಮೇಲಕ್ಕೆ ಚಿಮ್ಮುತ್ತಿದೆ ಎಂದರ್ಥ. ಮೇಲೆ ಡಾಂಬರು, ಒಳಗೆ ಪೊಳ್ಳು. ಬಿರುಕು ಸಣ್ಣದಿದ್ದಾಗಲೇ ಮುಚ್ಚಿದರೆ ಅಲ್ಪ ಖರ್ಚು. ಬಿಟ್ಟರೆ ಜಲ್ಲಿಯ ಪದರದವರೆಗೂ ಅಗೆದು ಹೊಸದಾಗಿ ಕಟ್ಟಬೇಕು. ತೀರಾ ಹಾಳಾದ ರಸ್ತೆಗಳಿಗೇ ಎಲ್ಲ ಹಣ ಸುರಿಯುತ್ತ ಹೋದರೆ, ಅಷ್ಟರಲ್ಲಿ ಒಳ್ಳೆಯ ರಸ್ತೆಗಳೂ ಆ ಸಾಲಿಗೆ ಬಂದು ಸೇರುತ್ತವೆ.

ಭಾರದ ಲೆಕ್ಕವೂ ಇದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ಓಡಿಸಿ ನೋಡಿದರು. ಆಕ್ಸಲ್ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು 16 ಪಟ್ಟು ಎಂದು ಕಂಡುಬಂತು. ಹಾಗಾಗಿ ಯಾವ ರಸ್ತೆಯಲ್ಲಿ ಎಂಥ ವಾಹನ ಓಡುತ್ತದೆ ಎಂಬುದನ್ನು ಅರಿಯದೆ ದುರಸ್ತಿಯ ಸರದಿ ಗೊತ್ತುಮಾಡಲಾಗದು.

ಇಷ್ಟು ಹೇಳಿದ ಮೇಲೂ ನಿಮ್ಮ ಮಾತಿನ ಒಂದು ಭಾಗವನ್ನು ನಾನು ಪೂರ್ತಿ ಒಪ್ಪುತ್ತೇನೆ. ರಸ್ತೆಯ ಬಾಳಿಕೆ ಬೇರೆ, ಜನರ ಜೀವ ಬೇರೆ. ತಿರುವಿನಲ್ಲಿರುವ ಗುಂಡಿ, ಕಿತ್ತುಹೋದ ತಡೆಗೋಡೆ, ಕಸ ಕಟ್ಟಿ ನೀರು ರಸ್ತೆಗೆ ಹರಿಯುವ ಮೋರಿ ಇವು ಯಾವ ಸರದಿಗೂ ಕಾಯಬಾರದು. ಸೂಚನಾ ಫಲಕದ್ದೂ ಅದೇ ಕಥೆ: ಹಗಲಲ್ಲಿ ಅಕ್ಷರ ಸ್ಪಷ್ಟವಾಗಿದ್ದರೂ, ಬೆಳಕನ್ನು ಹಿಂದಿರುಗಿಸುವ ಹಾಳೆ ಸವೆದಿದ್ದರೆ ರಾತ್ರಿ ಹೆಡ್‌ಲೈಟಿಗೆ ಅದು ಕಾಣುವುದೇ ಇಲ್ಲ. ಅದನ್ನು ಕತ್ತಲಲ್ಲೇ ಹೋಗಿ ನೋಡಬೇಕು.

ಸಣ್ಣ ಬಿರುಕೊಂದು ಯಾರ ಕಣ್ಣಿಗೂ ಬೀಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಸಿಲ್ವರ್ ಬ್ರಿಡ್ಜ್ ಸಾಕ್ಷಿ. 1928ರಲ್ಲಿ ಕಟ್ಟಿದ ಆ ಸೇತುವೆ 1967ರ ಡಿಸೆಂಬರ್ 15ರಂದು ಕುಸಿದು 46 ಜನ ಸತ್ತರು. ಸೇತುವೆಯನ್ನು ಹಿಡಿದಿದ್ದ ಉಕ್ಕಿನ ಒಂದೇ ಒಂದು ಪಟ್ಟಿಯ ತುದಿಯ ತೂತಿನಲ್ಲಿದ್ದ, ಸುಮಾರು ಎರಡೂವರೆ ಮಿಲಿಮೀಟರ್ ಆಳದ ಬಿರುಕು ಅದಕ್ಕೆ ಕಾರಣ. ಆಮೇಲೆಯೇ ಅಲ್ಲಿ ಸೇತುವೆಗಳ ಪಟ್ಟಿ ಮಾಡಿ, ನಿಗದಿತ ಅವಧಿಗೊಮ್ಮೆ ಪರೀಕ್ಷಿಸುವ ರಾಷ್ಟ್ರಮಟ್ಟದ ನಿಯಮ ಬಂದದ್ದು.

ಆದ್ದರಿಂದ ಅಧಿಕಾರಿಗಳನ್ನು ‘ಯಾವಾಗ ಡಾಂಬರು ಹಾಕುತ್ತೀರಿ’ ಎಂದಷ್ಟೇ ಕೇಳಬೇಡಿ. ನಮ್ಮ ರಸ್ತೆಯ ಮೋರಿ, ಫಲಕ, ದೀಪ, ತಡೆಗೋಡೆಗಳ ಪಟ್ಟಿ ನಿಮ್ಮಲ್ಲಿದೆಯೇ, ಕೊನೆಯ ಸಲ ನೋಡಿದ ದಿನಾಂಕ ಯಾವುದು ಎಂದೂ ಕೇಳಿ. ನಿಮ್ಮ ಗುಂಡಿ ತಿರುವಿನಲ್ಲಿದೆಯೋ ನೇರ ದಾರಿಯಲ್ಲಿದೆಯೋ ಪತ್ರದಲ್ಲಿ ಬರೆದಿಲ್ಲ. ತಿರುವಿನಲ್ಲಿದ್ದರೆ ಪಟ್ಟಿಗೂ ಕಾಯಬೇಡಿ, ಇವತ್ತೇ ದೂರು ಕೊಡಿ.