ಡಿ.ಎಡ್ ಓದಿದ್ದು ಶಾಲೆಯಲ್ಲಿ ಉಪಯೋಗಕ್ಕೆ ಬರ್ತಿಲ್ಲ, ಇನ್ನೊಂದು ತರಬೇತಿ ತಗೊಳ್ಳಲಾ?

ಮೂರು ತರಗತಿ ಒಂದೇ ಕೋಣೆ, ಬರೆದ ಪಾಠಯೋಜನೆ ಹತ್ತು ನಿಮಿಷವೂ ನಿಲ್ಲಲ್ಲ ಅಂದಿದ್ದೀರಲ್ಲ, 2010ರಲ್ಲಿ ನನ್ನದೂ ಇದೇ ಗೋಳು. ಹಾಸನದ ಕಡೆ ಒಂದು ಕಿರಿಯ ಪ್ರಾಥಮಿಕ ಶಾಲೆ. ಇಬ್ಬರೇ ಟೀಚರು. ಒಂದರಿಂದ ಮೂರರವರೆಗಿನ 19 ಮಕ್ಕಳು ನನ್ನ ಪಾಲಿಗೆ.

ನಲಿ-ಕಲಿ, ಅಂದರೆ ಮೂರೂ ತರಗತಿಯ ಮಕ್ಕಳನ್ನ ಒಟ್ಟಿಗೆ ಕೂರಿಸಿ ಕಾರ್ಡುಗಳಿಂದ ಕಲಿಸುವ ಪದ್ಧತಿ, ಆಗಷ್ಟೇ ರಾಜ್ಯದ ಎಲ್ಲ ಕಡೆ ಬಂದಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಇದು ಶುರುವಾದಾಗ ಕಾರ್ಡು ಬರೆದವರಲ್ಲಿ ನಮ್ಮಂಥ ಶಾಲೆ ಟೀಚರುಗಳೇ ಇದ್ದರು. ನನಗೆ ಅದು ಗೊತ್ತೂ ಇರಲಿಲ್ಲ. ಡಿ.ಎಡ್‌ನಲ್ಲಿ ಒಳ್ಳೆ ಅಂಕ ಬಂದಿತ್ತು, ಜಂಬ. ನಲಿ-ಕಲಿ ತರಬೇತಿಯಲ್ಲಿ ತಟ್ಟೆಗಳ (ಮಕ್ಕಳು ಗುಂಪಾಗಿ ಕೂರುವ ಜಾಗ) ವಿಷಯ ಹೇಳುವಾಗ ಹಿಂದೆ ಕೂತು ಪಕ್ಕದವಳ ಜೊತೆ ವರ್ಗಾವಣೆ ಮಾತಾಡ್ತಿದ್ದೆ.

ತಪ್ಪಾಗಿದ್ದು ಅಲ್ಲೇ. ಐದು ತಟ್ಟೆ ಇರುತ್ತೆ, ನಿಮಗೆ ಗೊತ್ತು. ಮೊದಲನೆಯದರಲ್ಲಿ ಟೀಚರ್ ಪೂರ್ತಿ ಜೊತೆಗಿರಬೇಕು, ಐದನೆಯದರಲ್ಲಿ ಮಗು ತಾನೇ ಕಲಿಯುತ್ತೆ. ನಾನು ತಿಳ್ಕೊಂಡಿದ್ದು ಏನು ಗೊತ್ತಾ? ಒಂದನೇ ತಟ್ಟೆ ದಡ್ಡರಿಗೆ, ಐದನೇದು ಜಾಣರಿಗೆ! ನಿಜದಲ್ಲಿ ಯಾವ ತಟ್ಟೆ ಅಂತ ಹೇಳೋದು ಕೈಯಲ್ಲಿರೋ ಕಾರ್ಡು, ಮಗು ಅಲ್ಲ. ಬೆಳಿಗ್ಗೆ 'ರ ಗ ಸ ದ ಅ' ಹೊಸದಾಗಿ ಕಲಿಯುವಾಗ ಒಂದನೇ ತಟ್ಟೆಯಲ್ಲಿ ಕೂತವನು, ಮಧ್ಯಾಹ್ನ 'ಅರಸ', 'ಅಗಸ' ಓದುವ ಹೊತ್ತಿಗೆ ಬೇರೆ ತಟ್ಟೆಗೆ ಎದ್ದು ಹೋಗಿರಬಹುದು. ಎದ್ದು ಹೋಗೋದೇ ಅದರ ಜೀವಾಳ. ನಾನು ಮಕ್ಕಳನ್ನ ಜೂನ್‌ನಲ್ಲಿ ಕೂರಿಸಿದವಳು ಮಾರ್ಚ್‌ವರೆಗೂ ಏಳಿಸಲಿಲ್ಲ. ನೋಡಲು ಬಂದವರಿಗೆ ತಲೆ ಮೇಲೆ ಕಟ್ಟಿದ ಚಪ್ಪರದ ತುಂಬಾ ಮಕ್ಕಳ ಚಿತ್ರ, ಐದೂ ತಟ್ಟೆ ಭರ್ತಿ. 'ಉತ್ತಮ' ಅಂತ ಬರೆದು ಹೋದರು.

ಒಬ್ಬ ಹುಡುಗ ಮನೆಯಲ್ಲಿ, 'ಅವ್ವ, ನಾನು ಒಂದ್ನೇ ತಟ್ಟೆಯವ್ನು, ನಂಗೆ ಓದಕ್ಕೆ ಬರಲ್ಲ' ಅಂದನಂತೆ. ಅವರಮ್ಮ ಬಂದು ಟಿ.ಸಿ. ಕೇಳಿದರು. ಕಾನ್ವೆಂಟ್ ಮೋಹ ಅಂತ ಅಂದ್ಕೊಂಡು ಕೊಟ್ಟೆ. ಕಾರಣ ಆಮೇಲೆ ಊರವರಿಂದ ಗೊತ್ತಾಯ್ತು.

ಮುಂದಿನ ವರ್ಷ ಕ್ಲಸ್ಟರ್ ಸಭೆಯಲ್ಲಿ (ಸುತ್ತಲಿನ ಶಾಲೆಗಳ ಟೀಚರು ಸೇರುವ ಸಭೆ) ಪಕ್ಕದೂರಿನ ಹಿರಿಯ ಮೇಡಂ ಒಬ್ಬರ ಹತ್ತಿರ ಸುಮ್ನೆ ಗೊಣಗಿದೆ, 'ಈ ತಟ್ಟೆ ನಮ್ಮ ಮಕ್ಕಳಿಗೆ ಆಗಲ್ಲ ಮೇಡಂ' ಅಂತ. ಅವರು ಡಿ.ಎಡ್‌ಗೂ ಮುಂಚಿನ ಹಳೇ ಟಿ.ಸಿ.ಎಚ್. ಕಾಲದವರು, ನಿವೃತ್ತಿಗೆ ಹತ್ತಿರ. 'ಮಕ್ಕಳು ದಿನಕ್ಕೆ ಎಷ್ಟು ಸಲ ಜಾಗ ಬದಲಿಸ್ತಾರಮ್ಮ?' ಅಂದರು. ಒಂದೇ ಪ್ರಶ್ನೆ. ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯ್ತು.

ಹಾಗಾಗಿ ಇನ್ನೊಂದು ತರಬೇತಿ ತಗೊಳ್ಳಲಾ ಅಂದರೆ, ಬೇಡ ಅಂತೀನಿ. ಡಿ.ಎಡ್‌ನ ಬೈಯೋದೂ ಬಿಡಿ. ನನಗೂ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ಕೇಳಿಸಿಕೊಳ್ಳಲಿಲ್ಲ. ಗೊತ್ತಿಲ್ಲ ಅಂತ ಇನ್ನೊಬ್ಬರ ಹತ್ತಿರ ಬಾಯಿ ಬಿಡಲೂ ಇಲ್ಲ. ಡೆಪ್ಯುಟೇಷನ್, ಆನ್‌ಲೈನ್ ಕೋರ್ಸು ಎಲ್ಲ ಆಮೇಲೆ ನೋಡಿಕೊಳ್ಳಿ. ಮುಂದಿನ ಸಭೆಗೆ ಹೋಗುವಾಗ, ಯಾವ ಮಗು ಮುಂದೆ ಹೋಗ್ತಿಲ್ಲವೋ ಅದರ ಪ್ರಗತಿ ನೋಟ (ಎಲ್ಲಿವರೆಗೆ ಕಲಿತಿದೆ ಅಂತ ತೋರಿಸುವ ಹಾಳೆ) ಚೀಲದಲ್ಲಿ ಹಾಕ್ಕೊಳ್ಳಿ. ಟೀ ಕುಡಿಯುವಾಗ ಯಾರಾದರೂ ಹಳಬರ ಮುಂದೆ ಇಡಿ. ಚೆಂದ ಕಾಣಲಿ ಅಂತ ಬಣ್ಣ ಹಚ್ಚದೇ, ಇದ್ದದ್ದನ್ನ ಹಾಗೇ ತಗೊಂಡು ಹೋಗಿ.