ಮೊಸರನ್ನವೂ ಇರಲಿ, ಮಾತ್ರೆಯೂ ಇರಲಿ

ಪ್ರಶ್ನೆ: ನನ್ನ ತಮ್ಮನಿಗೆ ಖಿನ್ನತೆ. ಕೆಲವು ತಿಂಗಳಿಂದ ಮಾತ್ರೆ ತಗೊಳ್ತಿದ್ದಾನೆ, ಸ್ವಲ್ಪ ಗೆಲುವಾಗಿದ್ದಾನೆ. ಈಗ ನಮ್ಮ ಬಂಧುವೊಬ್ಬರು, ‘ಮನಸ್ಸನ್ನು ಗೆಲುವಾಗಿಡೋ ಸೆರೊಟೋನಿನ್ ಅನ್ನೋ ರಾಸಾಯನಿಕ ತಯಾರಾಗೋದೇ ಕರುಳಿನಲ್ಲಿ. ಅಲ್ಲಿನ ಬ್ಯಾಕ್ಟೀರಿಯಾ ಸರಿಯಾದರೆ ಮನಸ್ಸೂ ಸರಿಯಾಗುತ್ತೆ, ಮಾತ್ರೆ ಬಿಡು’ ಅಂತ ಪ್ರೊಬಯೋಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ಮಲ ಪರೀಕ್ಷೆಯನ್ನೂ ಮಾಡಿಸಬೇಕಂತೆ. ಇದು ನಿಜವೇ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಮೊದಲು ತುರ್ತಿನ ಮಾತು. ಮಾತ್ರೆ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆಗಳನ್ನು ದಿಢೀರನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಸಿಡುಕು ಕಾಣಿಸಬಹುದು. ಕಾಯಿಲೆಯೂ ಮರುಕಳಿಸಬಹುದು. ಬಿಡುವುದಾದರೂ ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸುತ್ತಾ ಬರಬೇಕು. ನಿಮ್ಮ ತಮ್ಮ ‘ಬದುಕೇ ಬೇಡ’ ಎಂಬ ಮಾತಾಡಿದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಬಂಧುಗಳ ವಾದ. ಅದು ಅರ್ಧ ನಿಜ. ಹಾಗಾಗಿಯೇ ಬೇಗ ನಂಬಿಕೆ ಹುಟ್ಟಿಸುತ್ತದೆ. ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ 90ರಷ್ಟು ಕರುಳಿನಲ್ಲೇ ತಯಾರಾಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಇದಕ್ಕೆ ಒತ್ತಾಸೆ ಕೊಡುತ್ತವೆ ಎಂದು 2015ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಆದರೆ ಆ ಸೆರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ, ನಡುವೆ ಬಿಗಿಯಾದ ತಡೆಯಿದೆ. ಕರುಳಿನದು ಹೆಚ್ಚಾಗಿ ಕರುಳಿನ ಕೆಲಸಕ್ಕೇ ಬಳಕೆಯಾಗುತ್ತದೆ. ಮಿದುಳು ತನಗೆ ಬೇಕಾದದ್ದನ್ನು ತಾನೇ ಮಾಡಿಕೊಳ್ಳುತ್ತದೆ.

ಹಾಗಾದರೆ ಕರುಳಿಗೂ ಮನಸ್ಸಿಗೂ ನಂಟೇ ಇಲ್ವಾ? ಇದೆ. 2004ರಲ್ಲಿ ಜಪಾನಿನ ನೊಬುಯುಕಿ ಸುಡೋ ಮತ್ತು ಸಂಗಡಿಗರು ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಬೆಳೆಸಿದ ಇಲಿಗಳನ್ನು ಗಮನಿಸಿದರು. ಅಲುಗಾಡದಂತೆ ಹಿಡಿದಿಟ್ಟಾಗ ಅವುಗಳ ಒತ್ತಡದ ಹಾರ್ಮೋನ್ ಮಾಮೂಲಿ ಇಲಿಗಳಿಗಿಂತ ಜಾಸ್ತಿ ಏರಿತು. 2011ರಲ್ಲಿ ಐರ್ಲೆಂಡಿನ ಕಾರ್ಕ್‌ನ ತಂಡ ಇಲಿಗಳಿಗೆ ಜೆಬಿ-1 ಎಂಬ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ತಿನ್ನಿಸಿತು. ಅವುಗಳ ಆತಂಕ ಇಳಿಯಿತು. ಕರುಳಿನಿಂದ ಮಿದುಳಿಗೆ ಹೋಗುವ ವೇಗಸ್ ನರವನ್ನು ಕತ್ತರಿಸಿದಾಗ ಆ ಗುಣ ಕಾಣಲಿಲ್ಲ. ಅಂದರೆ ಸುದ್ದಿ ಸಾಗಿದ್ದು ಆ ನರದ ಮೂಲಕ. 2016ರಲ್ಲಿ ಕಾರ್ಕ್‌ನವರೇ ಖಿನ್ನತೆಯಿದ್ದವರ ಮಲದ ಸೂಕ್ಷ್ಮಜೀವಿಗಳನ್ನು ಇಲಿಗಳಿಗೆ ಸೇರಿಸಿದರು. ಅವು ಮಂಕಾದವು, ಆತಂಕಪಟ್ಟವು.

ಓದಲು ರೋಮಾಂಚನ, ಅಲ್ವಾ? ಮುಂದಿನದನ್ನೂ ಕೇಳಿ. ಅದೇ ಜೆಬಿ-1 ಅನ್ನು 29 ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದರು. ಸುಮ್ನೆ ಕೊಟ್ಟ ಹುಸಿ ಮಾತ್ರೆಗಿಂತ ಏನೂ ಹೆಚ್ಚಿನ ಗುಣ ಕಾಣಲಿಲ್ಲ. 2017ರಲ್ಲಿ ಇದನ್ನೂ ಅದೇ ತಂಡ ಪ್ರಕಟಿಸಿತು. ಮಾರಾಟಗಾರರ ಜಾಹೀರಾತಿನಲ್ಲಿ ಇಲಿಯ ಕಥೆ ಇರುತ್ತದೆ, ಈ ಕಥೆ ಇರುವುದಿಲ್ಲ.

ಮನುಷ್ಯರಲ್ಲಿ ನಡೆದ ದೊಡ್ಡ ಅಧ್ಯಯನಗಳಲ್ಲಿ ಒಂದು ಬೆಲ್ಜಿಯಂನದು, 2019ರದು. 1,054 ಜನರನ್ನು ನೋಡಿದಾಗ ಖಿನ್ನತೆಯಿದ್ದವರಲ್ಲಿ ಕೊಪ್ರೊಕಾಕಸ್, ಡಯಾಲಿಸ್ಟರ್ ಎಂಬ ಬ್ಯಾಕ್ಟೀರಿಯಾಗಳು ಕಡಿಮೆಯಿದ್ದವು. ಸರಿ, ಮೊದಲು ಬಂದದ್ದು ಯಾವುದು? ಖಿನ್ನತೆಯಲ್ಲಿರುವವರು ಊಟ ಬಿಡುತ್ತಾರೆ, ಇಲ್ಲವೇ ಹೊತ್ತಲ್ಲದ ಹೊತ್ತಿನಲ್ಲಿ ಸಿಕ್ಕಿದ್ದು ತಿನ್ನುತ್ತಾರೆ. ನಿದ್ದೆ ಕೆಡುತ್ತದೆ, ಓಡಾಟ ನಿಲ್ಲುತ್ತದೆ. ಇಷ್ಟೇ ಸಾಕು, ಕರುಳಿನ ಬ್ಯಾಕ್ಟೀರಿಯಾ ಬದಲಾಗಲು. ಆ ಅಧ್ಯಯನ ನಂಟನ್ನು ತೋರಿಸಿತು, ಕಾರಣವನ್ನಲ್ಲ.

2023ರಲ್ಲಿ ಲಂಡನ್ನಿನಲ್ಲಿ 49 ಜನರ ಮೇಲೆ ನಡೆದ ಸಣ್ಣ ಪ್ರಯೋಗದಲ್ಲಿ ಪ್ರೊಬಯೋಟಿಕ್ ತೆಗೆದುಕೊಂಡವರು ತುಸು ಹೆಚ್ಚು ಚೇತರಿಸಿಕೊಂಡರು. ಅವರೆಲ್ಲರೂ ಖಿನ್ನತೆಯ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ನಿಮ್ಮ ಬಂಧುಗಳಿಗೆ ಇದೊಂದನ್ನು ಓದಿ ಹೇಳಿ. (ಈ ಆಸೆ ಹೊಸದೂ ಅಲ್ಲ. ಲಂಡನ್ನಿನ ಬೆತ್ಲೆಮ್ ಆಸ್ಪತ್ರೆಯಲ್ಲಿ 1910ರ ಹೊತ್ತಿಗೇ ಖಿನ್ನರಾದವರಿಗೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಕೊಟ್ಟು ನೋಡಿದ್ದರು.)

ಊಟದ ವಿಷಯದಲ್ಲಿ ನನಗೆ ಸ್ವಲ್ಪ ಜಾಸ್ತಿ ಭರವಸೆ. 2017ರಲ್ಲಿ ಆಸ್ಟ್ರೇಲಿಯಾದ ಫೆಲಿಸ್ ಜಾಕಾ ಅವರ ತಂಡ 67 ಜನರೊಂದಿಗೆ ಒಂದು ಪ್ರಯೋಗ ನಡೆಸಿತು. 12 ವಾರ ತರಕಾರಿ, ಕಾಳು, ಇಡೀ ಧಾನ್ಯ, ಮೀನು ಹೆಚ್ಚಿಸಿಕೊಂಡವರಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಖಿನ್ನತೆಯಿಂದ ಹೊರಬಂದರು. ಊಟದ ಸಲಹೆಯ ಬದಲು ಬರೀ ಮಾತುಕತೆಯ ಒಡನಾಟ ಸಿಕ್ಕವರಲ್ಲಿ ಹೀಗಾದವರು ಶೇ 8 ಮಾತ್ರ. ತಾವು ಯಾವ ಗುಂಪಿನಲ್ಲಿದ್ದೇವೆಂದು ಅವರಿಗೆ ಗೊತ್ತಿತ್ತು, ಅದರ ಪ್ರಭಾವವೂ ಇರಬಹುದು. ಇರಲಿ, ಸೊಪ್ಪಿನ ಹುಳಿ, ಮೊಳಕೆಕಾಳು, ರಾಗಿಮುದ್ದೆ ತಿಂದರೆ ನಷ್ಟವೇನಿಲ್ಲ. ಮೊಸರೂ ತಿನ್ನಲಿ. ಅದನ್ನು ಔಷಧ ಎಂದು ಮಾತ್ರ ಲೆಕ್ಕ ಹಾಕಬೇಡಿ.

ಮಲ ಪರೀಕ್ಷೆ ಬೇಡ. ಆರೋಗ್ಯವಂತರಲ್ಲೇ ಒಬ್ಬರ ಕರುಳಿನ ಬ್ಯಾಕ್ಟೀರಿಯಾ ಇನ್ನೊಬ್ಬರದರಂತೆ ಇರುವುದಿಲ್ಲ. ವರದಿ ನೋಡಿ ಖಿನ್ನತೆ ಇದೆ, ಇಲ್ಲ ಎನ್ನುವ ಅಳತೆಗೋಲು ಇನ್ನೂ ಸಿದ್ಧವಾಗಿಲ್ಲ. ಕ್ಯಾಪ್ಸೂಲ್‌ನಿಂದ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ರೋಗನಿರೋಧಕ ಶಕ್ತಿ ಕುಂದಿದವರು ಎಚ್ಚರವಾಗಿರಬೇಕು. ಮುಂದಿನ ಸಲ ಹೋಗುವಾಗ ಆ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ತಮ್ಮನ ವೈದ್ಯರಿಗೆ ತೋರಿಸಿ.